ಕೂಸಿನ ಮನೆ: ಆರೈಕೆ ಮಾಡುವವರು ಪದೇ ಪದೇ ಬದಲಾಗದಿರಲಿ

ಮಾನ್ಯರೇ,

ಅಡಿಕೆ ಕೊನೆಕೊಯ್ಲು, ಸುಲಿತ ಶುರುವಾಗುವ ಹೊತ್ತಿಗೆ ಮಲೆನಾಡಿನ ಮನೆಗಳಲ್ಲಿ ಕೂಸನ್ನು ಯಾವ ವಯಸ್ಸಿಗೆ ಕೂಸಿನ ಮನೆಯಂತಹ ಶಿಶುಪಾಲನಾ ಕೇಂದ್ರಕ್ಕೆ ಬಿಡಬಹುದು ಎಂಬ ಚರ್ಚೆ ಏಳುತ್ತದೆ. ಮೂರು ವರ್ಷದವರೆಗೆ ಬಿಡಲೇಬಾರದು ಎನ್ನುವವರಿದ್ದಾರೆ. ಬೇಗ ಬಿಟ್ಟಷ್ಟೂ ಚುರುಕಾಗುತ್ತದೆ ಎನ್ನುವವರೂ ಇದ್ದಾರೆ. ಅಮೆರಿಕದಲ್ಲಿ 1991ರಲ್ಲಿ ಶುರುವಾಗಿ, ಸಾವಿರಕ್ಕೂ ಹೆಚ್ಚು ಮಕ್ಕಳ ಬೆಳವಣಿಗೆಯನ್ನು ಶೈಶವದಿಂದಲೇ ದಾಖಲಿಸಿದ ಅಧ್ಯಯನ ಇಬ್ಬರ ಮಾತನ್ನೂ ಪೂರ್ತಿ ಒಪ್ಪುವುದಿಲ್ಲ. ಆರೈಕೆ ಚೆನ್ನಾಗಿದ್ದ ಕಡೆ ಮಾತು, ಗ್ರಹಿಕೆ ತುಸು ಮುಂದಿದ್ದವು. ಮನೆಯ ಹೊರಗೆ ಕಳೆದ ಗಂಟೆಗಳು ಹೆಚ್ಚಿದಂತೆ ಹಟ, ಜಗಳವೂ ತುಸು ಹೆಚ್ಚಿದ್ದವು. ಇವೆರಡಕ್ಕಿಂತ ಮನೆಯ ಪ್ರಭಾವವೇ ದೊಡ್ಡದಾಗಿತ್ತು.

ಹಾಗೆಂದು ವಯಸ್ಸು ಲೆಕ್ಕಕ್ಕಿಲ್ಲ ಎಂದಲ್ಲ. ಎಂಟು-ಒಂಬತ್ತು ತಿಂಗಳಿಗೆ ಕೂಸು ಹೊಸ ಮುಖ ಕಂಡರೆ ಅಳುತ್ತದೆ, ಅಮ್ಮ ಮರೆಯಾದರೆ ಕಂಗಾಲಾಗುತ್ತದೆ. ಒಂದೂವರೆ ವರ್ಷದವರೆಗೆ ಇದು ಜೋರು. ಈ ಅವಧಿಯಲ್ಲೇ ಬಿಡಬೇಕಾಗಿ ಬಂದರೆ ಕೆಲಸಕ್ಕೆ ಹೋಗುವ ಎರಡು ವಾರ ಮೊದಲೇ ಅಭ್ಯಾಸ ಮಾಡಿಸಬೇಕು. ಮೊದಲ ಮೂರು ದಿನ ತಾಯಿ ಒಂದೊಂದು ಗಂಟೆ ಅಲ್ಲೇ ಕೂರಲಿ, ಬಿಟ್ಟು ಹೋಗುವುದು ಬೇಡ. ನಾಲ್ಕನೇ ದಿನ ಹೇಳಿಯೇ ಎದ್ದು, ಹತ್ತು ನಿಮಿಷ ಜಗಲಿಯಲ್ಲಿರಲಿ. ಆರೈಕೆ ಮಾಡುವವಳು ಎತ್ತಿಕೊಂಡಾಗ ಅಳು ನಿಂತರೆ ಮರುದಿನ ಅರ್ಧ ಗಂಟೆ. ನಿಲ್ಲದಿದ್ದರೆ ಇನ್ನೆರಡು ದಿನ ಜೊತೆಗೇ ಕೂರುವುದು. ಊಟ ಮತ್ತು ನಿದ್ದೆಯನ್ನು ಕೊನೆಗೆ ಒಪ್ಪಿಸಬೇಕು. ಹೆಚ್ಚಿನವರು ಎಡವುವುದು ಆಟದ ನಡುವೆ ಕಣ್ಣು ತಪ್ಪಿಸಿ ಜಾರಿಕೊಳ್ಳುವುದರಲ್ಲಿ. ಮರುದಿನದಿಂದ ಕೂಸು ಆಟವನ್ನೇ ಬಿಟ್ಟು ಸೆರಗು ಹಿಡಿದು ಕೂರುತ್ತದೆ.

ಇಷ್ಟೆಲ್ಲ ಮಾಡಿ ಒಬ್ಬಳಿಗೆ ಹೊಂದಿಕೊಂಡ ಮೇಲೆ ಅವಳೇ ಇಲ್ಲದಿದ್ದರೆ? ಪಂಚಾಯಿತಿಯ ಕೂಸಿನ ಮನೆಗಳಲ್ಲಿ ಆರೈಕೆ ಮಾಡುವವರಿಗೆ ಉದ್ಯೋಗ ಖಾತ್ರಿಯ ಕೂಲಿ, ಸರದಿಯ ಮೇಲೆ ಕೆಲಸ. ಹಲವು ಮಹಿಳೆಯರಿಗೆ ದುಡಿಮೆ ಹಂಚುವ ಉದ್ದೇಶ ಒಳ್ಳೆಯದೇ. ಆದರೆ ಹತ್ತು ತಿಂಗಳ ಮಗುವಿಗೆ ಪ್ರತಿ ಸರದಿಯೂ ಹೊಸ ಮುಖವೇ. ಅಡುಗೆ, ಸ್ವಚ್ಛತೆಯ ಕೆಲಸಕ್ಕೆ ಸರದಿ ಇರಲಿ. ಎರಡು ವರ್ಷದೊಳಗಿನವರನ್ನು ಎತ್ತಿ ಆಡಿಸಿ ಉಣಿಸುವವಳು ಕನಿಷ್ಠ ಆರು ತಿಂಗಳು ಒಬ್ಬಳೇ ಇರಲಿ. ಉದ್ಯೋಗ ಖಾತ್ರಿಯಲ್ಲಿ ವರ್ಷಕ್ಕೆ ಸಿಗುವ ದಿನಗಳು ಮುಗಿದ ಮೇಲಿನ ಕೂಲಿಯನ್ನು ಪಂಚಾಯಿತಿ ಸ್ವಂತ ನಿಧಿಯಿಂದ ಭರಿಸುವಂತಾಗಲಿ.

ಸಂಖ್ಯೆಯ ವಿಚಾರವೂ ಇದೆ. ಶಿಶುಪಾಲನಾ ಕೇಂದ್ರಗಳಿಗೆ 2018ರಲ್ಲಿ ಬಂದ ರಾಷ್ಟ್ರೀಯ ಮಾರ್ಗಸೂಚಿ ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬ ಕಾರ್ಯಕರ್ತೆ ಸಾಕೆನ್ನುತ್ತದೆ. ಕೂಸೊಂದಕ್ಕೆ ರಾಗಿ ಸರಿ ತಿನ್ನಿಸಲು ಇಪ್ಪತ್ತು ನಿಮಿಷ ಬೇಕು. ಮೂರು ಕೂಸಿಗೆ ಒಂದು ಗಂಟೆ. ಹತ್ತಿದ್ದರೆ ಸಾಲಾಗಿ ಕೂರಿಸಿ ಒಂದೇ ಚಮಚದಲ್ಲಿ ಬಾಯಿಗೆ ತುರುಕುವುದಷ್ಟೇ ಆಗುತ್ತದೆ. ಮುಖ ನೋಡಿ ಮಾತಾಡಿಸುವುದಕ್ಕೆ ಹೊತ್ತೆಲ್ಲಿ? ಮಗು ಮಾತು ಕಲಿಯುವುದು ಆ ಹೊತ್ತಿನಲ್ಲೇ. ವರ್ಷದೊಳಗಿನ ಮೂರು ಕೂಸಿಗೊಬ್ಬರು ಬೇಕೆಂಬುದು ನಮ್ಮ ಬೇಡಿಕೆ.

ಇನ್ನೊಂದು ಮಾತು: ಸಾಧ್ಯವಾದರೆ ಜೂನ್-ಜುಲೈಯಲ್ಲಿ ಹೊಸದಾಗಿ ಬಿಡಬೇಡಿ. ಕಿಟಕಿ ಮುಚ್ಚಿದ ಕೋಣೆಯಲ್ಲಿ ನೆಗಡಿ ಎಲ್ಲರಿಗೂ ಸುತ್ತುತ್ತದೆ, ವಾರಕ್ಕೆ ಎರಡು ದಿನ ರಜೆಯಾದರೆ ಹೊಂದಾಣಿಕೆ ಮತ್ತೆ ಮೊದಲಿನಿಂದ. ಕೊಯ್ಲಿಗೆ ಹೋಗುವವರಿಗೆ ಅಕ್ಟೋಬರ್ ಅನುಕೂಲ.

– ಶಿಶುಪಾಲನಾ ತರಬೇತುದಾರರು, ತೀರ್ಥಹಳ್ಳಿ