ಪ್ರಶ್ನಾರ್ಥಕ ಚಿಹ್ನೆಯ ಹಿಂದಿದ್ದವರ ಸಹಿ

ಮಾನ್ಯ ಸಂಪಾದಕರೇ,

ಕೆಲವು ವಾರಗಳ ಹಿಂದೆ ನಿಮ್ಮ ಪತ್ರಿಕೆಯಲ್ಲಿ ಓದುಗರೊಬ್ಬರು ಒಂದು ಪತ್ರ ಬರೆದಿದ್ದರು. ಹಳೇ ಇಂಗ್ಲಿಷ್ ದೆವ್ವದ ಸಿನಿಮಾ ನಟರ ಸಹಿಗೆ ಕಟ್ಟು ಹಾಕಿಸಿ ಮನೆಯಲ್ಲಿ ತೂಗುಹಾಕುವವರನ್ನು ಕಂಡರೆ ಅವರಿಗೆ ಬೇಸರವಂತೆ. ದೇವರ ಫೋಟೋ ಇರಬೇಕಾದ ಗೋಡೆಯಲ್ಲಿ ರಾಕ್ಷಸರಿಗೇನು ಕೆಲಸ ಎಂದು ಕೇಳಿದ್ದರು. ನಮ್ಮ ಮನೆಯಲ್ಲಿ ಅಂಥದೊಂದು ಗೋಡೆ ಇದೆ. ಅದಕ್ಕೇ ಈ ಉತ್ತರ.

ನಾನು ತಿಪಟೂರಿನವನು. ಅಪ್ಪನಿಗೆ ಅಲ್ಲಿ ಫೋಟೋಗೆ ಕಟ್ಟು ಹಾಕುವ ಪುಟ್ಟ ಅಂಗಡಿ ಇತ್ತು. ಲಕ್ಷ್ಮಿ, ಸರಸ್ವತಿ, ಶಿವಕುಮಾರ ಸ್ವಾಮೀಜಿ, ತೀರಿಕೊಂಡವರ ಫೋಟೋಗಳು. ಗಾಜು ಕೊಯ್ಯುವ ಸದ್ದು ಕೇಳುತ್ತಲೇ ಬೆಳೆದವನು ನಾನು. ಈಗ 26 ವರ್ಷದಿಂದ ಲಾಸ್ ಏಂಜಲೀಸ್ ಪಕ್ಕದ ಬರ್ಬ್ಯಾಂಕ್‌ನಲ್ಲಿದ್ದೇನೆ. ಇಲ್ಲೂ ಅದೇ ಕಸುಬು. ಯೂನಿವರ್ಸಲ್ ಸ್ಟುಡಿಯೋ ಇಲ್ಲಿಗೆ ಹತ್ತಿರ. 1931ರಲ್ಲಿ ತೆರೆಕಂಡ ‘ಡ್ರಾಕುಲಾ’, ‘ಫ್ರಾಂಕೆನ್‌ಸ್ಟೈನ್’ ಎರಡೂ ತಯಾರಾದದ್ದು ಅಲ್ಲೇ. ಹೀಗಾಗಿ ಆ ನಟರ ಸಹಿಗಳು ಕಟ್ಟು ಹಾಕಿಸಿಕೊಳ್ಳಲು ನನ್ನ ಮೇಜಿಗೆ ಬರುತ್ತಿದ್ದವು. ನೋಡುತ್ತಾ ನೋಡುತ್ತಾ ನಾನೂ ಕೂಡಿಡಲು ಶುರು ಮಾಡಿದೆ.

ಆ ಓದುಗರು ‘ಫ್ರಾಂಕೆನ್‌ಸ್ಟೈನ್’ ಸಿನಿಮಾದ ಮೊದಲ ಎರಡು ನಿಮಿಷ ನೋಡಬೇಕು ಅಂತ ನನ್ನ ಆಸೆ. ತೆರೆಯ ಮೇಲೆ ನಟರ ಹೆಸರು ಒಂದೊಂದಾಗಿ ಬರುತ್ತವೆ. ರಾಕ್ಷಸನ ಪಾತ್ರದ ಮುಂದೆ ಮಾತ್ರ ಹೆಸರಿಲ್ಲ, ಒಂದು ಪ್ರಶ್ನಾರ್ಥಕ ಚಿಹ್ನೆ ಅಷ್ಟೆ. ಸಿನಿಮಾ ಮುಗಿದು ಮತ್ತೆ ಪಟ್ಟಿ ಬಂದಾಗಲೇ ಬೋರಿಸ್ ಕಾರ್ಲಾಫ್ ಎಂಬ ಹೆಸರು ಕಾಣುವುದು. ಶೂಟಿಂಗ್ ನಡೆಯುವಾಗ ಅವರಿಗೆ 43 ವರ್ಷ. ಅದಕ್ಕೂ ಮೊದಲು ಹತ್ತು ವರ್ಷಕ್ಕೂ ಜಾಸ್ತಿ ಸಣ್ಣಪುಟ್ಟ ಪಾತ್ರ ಮಾಡಿದ್ದರು. ಹೊಟ್ಟೆಪಾಡಿಗೆ ಲಾರಿ ಕೂಡ ಓಡಿಸಿದ್ದರು. ಜ್ಯಾಕ್ ಪಿಯರ್ಸ್ ಎಂಬ ಮೇಕಪ್ ಕಲಾವಿದರು ದಿನಾ ಸುಮಾರು 4 ಗಂಟೆ ಕೂರಿಸಿಕೊಂಡು ಹತ್ತಿ, ಅಂಟು, ಬಣ್ಣ ಮೆತ್ತಿ ಆ ಚಪ್ಪಟೆ ತಲೆ ಕಟ್ಟುತ್ತಿದ್ದರು. ಕೆನ್ನೆ ಒಳಗೆ ಸೇದಿಹೋದ ಹಾಗೆ ಕಾಣಲಿ ಅಂತ ಕಾರ್ಲಾಫ್ ತಮ್ಮ ಕಟ್ಟಿಸಿದ ಹಲ್ಲನ್ನೇ ತೆಗೆದಿಟ್ಟು ನಟಿಸಿದರು. ಇಷ್ಟೆಲ್ಲ ಮಾಡಿದ ಮನುಷ್ಯನ ಹೆಸರಿನ ಜಾಗದಲ್ಲಿ ಒಂದು ಚಿಹ್ನೆ! ನಾಲ್ಕು ವರ್ಷದ ನಂತರ ಬಂದ ಮುಂದಿನ ಭಾಗದಲ್ಲಿ ಕಾರ್ಲಾಫ್ ಹೆಸರು ದಪ್ಪಕ್ಷರದಲ್ಲಿ ಬಂತು. ಆ ಪ್ರಶ್ನಾರ್ಥಕ ಚಿಹ್ನೆ ಈ ಸಲ ರಾಕ್ಷಸನ ವಧುವಿನ ಪಾತ್ರ ಮಾಡಿದ ಎಲ್ಸಾ ಲ್ಯಾಂಚೆಸ್ಟರ್ ಪಾಲಿಗೆ ಹೋಯಿತು.

ಬೋರಿಸ್ ಕಾರ್ಲಾಫ್ ಅನ್ನುವುದೂ ಅವರ ಹುಟ್ಟುಹೆಸರಲ್ಲ. ಅವರು ಲಂಡನ್ನಿನಲ್ಲಿ ಹುಟ್ಟಿದ ವಿಲಿಯಂ ಹೆನ್ರಿ ಪ್ರ್ಯಾಟ್. ಅವರ ತಂದೆ ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದ ಉಪ್ಪಿನ ತೆರಿಗೆ ಇಲಾಖೆಯಲ್ಲಿ ಕೆಲಸ ಮಾಡಿದವರು, ಮನೆತನದಲ್ಲಿ ಭಾರತದ ರಕ್ತವೂ ಇತ್ತು. 1933ರಲ್ಲಿ ನಟರೆಲ್ಲ ಸೇರಿ ಸ್ಕ್ರೀನ್ ಆಕ್ಟರ್ಸ್ ಗಿಲ್ಡ್ ಎಂಬ ಸಂಘ ಕಟ್ಟಿದಾಗ ಮೊದಲ ಸಾಲಿನಲ್ಲಿ ನಿಂತವರಲ್ಲಿ ಇವರೂ ಒಬ್ಬರು. ಈಗ ಹೇಳಿ, ಆ ಸಹಿ ರಾಕ್ಷಸನದಾ? ಮೇಕಪ್ ತೊಳೆದು, ಹಲ್ಲು ಹಾಕಿಕೊಂಡು, ಪೆನ್ನು ಹಿಡಿದು ಕೂತ ಒಬ್ಬ ದುಡಿಯುವ ಮನುಷ್ಯನದು ಅಲ್ವಾ?

ಈ ಹವ್ಯಾಸದಲ್ಲಿ ಮೋಸವೂ ಇದೆ. ಅದನ್ನೂ ಹೇಳಲೇಬೇಕು. ಯಾಕೆಂದರೆ ಊರಿನಿಂದ ಕೆಲವು ಹುಡುಗರು ಆನ್‌ಲೈನ್‌ನಲ್ಲಿ ಕಂಡದ್ದರ ಫೋಟೋ ಕಳಿಸಿ, ತಗೊಳ್ಳಲಾ ಅಂಕಲ್ ಅಂತ ನನ್ನನ್ನು ಕೇಳುತ್ತಾರೆ. 2003ರಲ್ಲಿ ನಾನು, ಆ ಸಿನಿಮಾದಲ್ಲಿ ಡ್ರಾಕುಲಾ ಆಗಿ ನಟಿಸಿದ ಬೇಲಾ ಲುಗೋಸಿ ಅವರ ಸಹಿ ಇರುವ ಡ್ರಾಕುಲಾ ಫೋಟೋ ಕೊಂಡೆ. 600 ಡಾಲರ್. ಮಾರಿದವನು ಪ್ರಮಾಣಪತ್ರವನ್ನೂ ಕೊಟ್ಟಿದ್ದ. ಕಪ್ಪು ಶಾಯಿಯ ದಪ್ಪ ಸಹಿ. ಮನೆಗೆ ತಂದು ಭೂತಗನ್ನಡಿಯಲ್ಲಿ ನೋಡಿದೆ. ಗೆರೆಯ ಅಗಲ ಶುರುವಿನಿಂದ ಕೊನೆಯ ತನಕ ಒಂದೇ ಸಮ. ಇಂಕ್ ಪೆನ್ನಿನ ಮುಳ್ಳು ಒತ್ತಿದಲ್ಲಿ ಗೆರೆ ದಪ್ಪವಾಗುತ್ತದೆ, ಎಳೆದಲ್ಲಿ ತೆಳ್ಳಗಾಗುತ್ತದೆ. ಇಲ್ಲಿ ಅದಿರಲಿಲ್ಲ. ಅದು ಶಾರ್ಪಿ ಎಂಬ ಮಾರ್ಕರ್ ಪೆನ್ನಿನ ಗೆರೆ. ಶಾರ್ಪಿ ಮಾರುಕಟ್ಟೆಗೆ ಬಂದದ್ದು 1964ರಲ್ಲಿ. ಲುಗೋಸಿ ತೀರಿಕೊಂಡದ್ದು 1956ರ ಆಗಸ್ಟ್‌ನಲ್ಲಿ.

ಆದರೂ ಮನಸ್ಸು ಒಪ್ಪಲಿಲ್ಲ. ರಾತ್ರಿ ಕೋಣೆಯ ದೀಪ ಆರಿಸಿ, ನೋಟು ಅಸಲಿಯೋ ನಕಲಿಯೋ ನೋಡಲು ಬ್ಯಾಂಕಿನಲ್ಲಿ ಇಟ್ಟಿರುತ್ತಾರಲ್ಲ, ಆ ನೇರಳೆ ದೀಪ ಹಿಡಿದೆ. ಕಾಗದ ತಿಳಿನೀಲಿಯಾಗಿ ಹೊಳೆಯಿತು. ಬಟ್ಟೆ ಸೋಪಿನ ಪುಡಿಗೆ ಹಾಕುವಂಥ ಬಿಳುಪಿನ ರಾಸಾಯನಿಕವನ್ನು ಫೋಟೋ ಕಾಗದಕ್ಕೂ ಹಾಕಲು ಶುರು ಮಾಡಿದ್ದು 1950ರ ದಶಕದಲ್ಲಿ. 1931ರ ಕಾಗದ ಹಾಗೆ ಹೊಳೆಯುವುದಿಲ್ಲ. ಫೋಟೋ, ಸಹಿ ಎರಡೂ ಸುಳ್ಳು. ಮರುದಿನ ಲುಗೋಸಿ ಸಮಾಧಿ ಇರುವ ಕಲ್ವರ್ ಸಿಟಿಯ ಹೋಲಿ ಕ್ರಾಸ್ ಸ್ಮಶಾನಕ್ಕೆ ಹೋಗಿ ಸ್ವಲ್ಪ ಹೊತ್ತು ಕೂತು ಬಂದೆ. ಅವರನ್ನು ಮಣ್ಣು ಮಾಡಿದ್ದು ಡ್ರಾಕುಲಾ ನಿಲುವಂಗಿಯಲ್ಲೇ. ಕೊನೆಕೊನೆಗೆ ಕೆಲಸ ಸಿಗದೆ ತುಂಬಾ ಕಷ್ಟಪಟ್ಟವರು. ಅವರ ಹೆಸರನ್ನು ಸುಳ್ಳೇ ಬರೆದು ಇನ್ಯಾರೋ 600 ಡಾಲರ್ ಮಾಡಿಕೊಂಡರಲ್ಲ ಅಂತ ನನಗೆ ಈಗಲೂ ಸಂಕಟ.

ಹಾಗಾಗಿ ಆ ಹುಡುಗರಿಗೆ ನಾನು ಹೇಳುವುದು ಇಷ್ಟು: ಮೊದಲು ಪೆನ್ನಿನ ವಯಸ್ಸು ನೋಡಿ, ಆಮೇಲೆ ಪ್ರಮಾಣಪತ್ರ. ಅಮೆರಿಕದ ಅಂಗಡಿಗಳಿಗೆ ಬಾಲ್ ಪೆನ್ ಬಂದದ್ದೇ 1945ರ ಕೊನೆಯಲ್ಲಿ. ಮೂಕಿ ಚಿತ್ರಗಳ ಕಾಲದ ದೆವ್ವದ ಸಿನಿಮಾ ನಟ ಹಿರಿಯ ಲಾನ್ ಚೇನಿ 1930ರಲ್ಲೇ ತೀರಿಕೊಂಡರು. ಅವರ ಅಸಲಿ ಸಹಿ ಬಲು ಅಪರೂಪ, ಅದು ಅಗ್ಗಕ್ಕೆ ಸಿಕ್ಕಿತು ಅಂದರೆ ಅನುಮಾನ ಪಡಿ. ಆಮೇಲಿನ ಕಾಲದ ದೆವ್ವದ ಸಿನಿಮಾ ನಟ ವಿನ್ಸೆಂಟ್ ಪ್ರೈಸ್ ಕೇಳಿದವರಿಗೆಲ್ಲ ಧಾರಾಳವಾಗಿ ಸಹಿ ಹಾಕಿಕೊಟ್ಟವರು, ಶುರು ಮಾಡುವವರಿಗೆ ಅವರದು ಒಳ್ಳೆಯದು. ಅವರು ಒಳ್ಳೆಯ ಚಿತ್ರಕಲೆಯನ್ನು ಪ್ರೀತಿಸಿ ಸಂಗ್ರಹಿಸಿದವರು ಕೂಡ. ತಮ್ಮ ಸಂಗ್ರಹದ 90 ಕೃತಿಗಳನ್ನು 1957ರಲ್ಲಿ ಇಲ್ಲಿನ ಈಸ್ಟ್ ಲಾಸ್ ಏಂಜಲೀಸ್ ಕಾಲೇಜಿಗೆ ಸುಮ್ನೆ ಕೊಟ್ಟುಬಿಟ್ಟರು.

ಆ ಪ್ರೈಸ್ ಅವರ ಸಹಿಯನ್ನು ನಾನೇ ಹಾಳು ಮಾಡಿದೆ. ಪಡುವಣ ಕಿಟಕಿಯ ಎದುರಿನ ಗೋಡೆಗೆ ಹಾಕಿದ್ದೆ. ಸಂಜೆ ಬಿಸಿಲು ನೇರ ಬೀಳುತ್ತಿತ್ತು. ಆರು ವರ್ಷದಲ್ಲಿ ನೀಲಿ ಸಹಿ ಹೊಗೆಯ ಬಣ್ಣಕ್ಕೆ ಬಂತು. ಈಗ ಓರೆಯಾಗಿ ಹಿಡಿದರೆ ಮಾತ್ರ ‘ವಿನ್ಸೆಂಟ್’ ಅಂತ ಓದಬಹುದು. ಕಸುಬು ಗೊತ್ತಿದ್ದೂ ಹೀಗೆ ಮಾಡಿದ್ದಕ್ಕೆ ನನಗೆ ಕ್ಷಮೆ ಇಲ್ಲ.

ಅಪ್ಪನ ಅಂಗಡಿಯಲ್ಲಿ ಫೋಟೋ ಹಿಂದೆ ಹಳೇ ಪೇಪರ್, ರಟ್ಟು ಇಟ್ಟು ಮೊಳೆ ಹೊಡೆಯುತ್ತಿದ್ದೆವು. ಮಳೆಗಾಲ ಮುಗಿಯುವಷ್ಟರಲ್ಲಿ ಫೋಟೋ ಗಾಜಿಗೆ ಅಂಟಿ, ಅಂಚು ಕಂದಾಗುತ್ತಿತ್ತು. ಆಗ ನಮಗೆ ಕಾರಣ ತಿಳಿಯದು. ರಟ್ಟಿನಲ್ಲಿರುವ ಆಮ್ಲ ಕಾಗದವನ್ನು ಸುಡುತ್ತದೆ. ಸಹಿಗೆ ಬೇಕಾದದ್ದು ಮೌಂಟ್ ಬೋರ್ಡ್ ಎಂಬ ಆಮ್ಲವಿಲ್ಲದ ರಟ್ಟು, ಗಾಜಿಗೂ ಕಾಗದಕ್ಕೂ ನಡುವೆ ಒಂದಿಷ್ಟು ಗಾಳಿ, ಬಿಸಿಲಿನ ಕಿರಣ ತಡೆಯುವ ಗಾಜು. ಅಂಟಿಸಲು ಗೋಧಿ ಗಂಜಿಯ ಅಂಟು, ಅದು ನೀರು ಸೋಕಿದರೆ ಬಿಟ್ಟುಕೊಳ್ಳುತ್ತದೆ. ಸೆಲ್ಲೋಟೇಪ್ ಬೇಡವೇ ಬೇಡ. ಲ್ಯಾಮಿನೇಷನ್ ಅಂತೂ ಮಾಡಿಸಲೇಬೇಡಿ. ನಿಮ್ಮ ಮನೆಯಲ್ಲಿ ರಾಜಕುಮಾರ್ ಅವರದೋ ಕುವೆಂಪು ಅವರದೋ ಸಹಿ ಇದ್ದರೂ ಇದೇ ಮಾತು.

ನನ್ನಲ್ಲಿರುವ ಕಾರ್ಲಾಫ್ ಸಹಿ ಫೋಟೋದ ಮೇಲಿನದಲ್ಲ. ಆಟೋಗ್ರಾಫ್ ಪುಸ್ತಕದಿಂದ ಬಿಡಿಸಿದ ತಿಳಿಹಸಿರು ಹಾಳೆ. ಎಸ್ಸೆಸ್ಸೆಲ್ಸಿ ಮುಗಿದಾಗ ನಾವು ಒಬ್ಬರಿಗೊಬ್ಬರು ಬರೆದುಕೊಡುತ್ತಿದ್ದೆವಲ್ಲ, ಗುಲಾಬಿ, ಹಳದಿ, ಹಸಿರು ಹಾಳೆಯ ಪುಸ್ತಕ, ಇಲ್ಲೂ 1930ರ ದಶಕದ ಮಕ್ಕಳ ಕೈಯಲ್ಲಿ ಅಂಥದ್ದೇ ಇತ್ತು. ಶಾಯಿ ಕಂದಿದೆ. ಕೊನೆಯ ಅಕ್ಷರದಲ್ಲಿ ಪೆನ್ನು ಒಂದು ಗಳಿಗೆ ನಿಂತಿದ್ದಕ್ಕೆ ಸಾಸಿವೆಯಷ್ಟು ಚುಕ್ಕಿ ಮೂಡಿದೆ.

ಹಳೇ ಕಟ್ಟು ಬಿಚ್ಚಿದ ದಿನ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲ್ಲಿನ ಇನ್ನೊಂದು ಸಹಿ ಕಂಡಿತು. ಯಾರದೋ ಓದಲಾಗಲಿಲ್ಲ. ಪುಸ್ತಕದ ಒಡೆಯನ ಗೆಳೆಯನೋ, ಅದೇ ದಿನ ಅಲ್ಲಿದ್ದ ಸಣ್ಣ ನಟನೋ. ಅದನ್ನು ಮುಚ್ಚಲು ಮನಸ್ಸಾಗಲಿಲ್ಲ. ಕಟ್ಟಿನ ಹಿಂದಿನ ಹಲಗೆಯಲ್ಲೂ ಎರಡು ಬೆರಳಗಲ ಕಿಂಡಿ ಕೊರೆದು, ಅಲ್ಲಿಗೂ ಅದೇ ಗಾಜು ಕೂರಿಸಿದೆ.

ಇಂತಿ ನಿಮ್ಮ ಓದುಗ,
ಬರ್ಬ್ಯಾಂಕ್, ಕ್ಯಾಲಿಫೋರ್ನಿಯಾ