ತಂಜಾವೂರು ಕಲಾಯಾತ್ರೆಯ ಹೆಸರಿನಲ್ಲಿ ಅಂಗಡಿಗಳನ್ನು ಸುತ್ತಿಸಿದ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ,
ಬೆಂಗಳೂರು

ವಿಷಯ: ತಂಜಾವೂರು–ತಿರುವೈಯಾರು ವಾರಾಂತ್ಯ ಪ್ರವಾಸದಲ್ಲಿ ಆದ ಸೇವಾ ನ್ಯೂನತೆ ಮತ್ತು ಹಣ ಮರುಪಾವತಿ ಕುರಿತು

ಮಾನ್ಯರೇ,

ಏಪ್ರಿಲ್ ತಿಂಗಳ ನಡುವಿನ ವಾರಾಂತ್ಯದಲ್ಲಿ ನಿಮ್ಮ ಸಂಸ್ಥೆ ಏರ್ಪಡಿಸಿದ್ದ ತಂಜಾವೂರು–ತಿರುವೈಯಾರು ಕಲಾಯಾತ್ರೆಗೆ ನಾನೂ ನನ್ನ ತಾಯಿಯವರೂ ಬಂದಿದ್ದೆವು. ತಲಾ 11,500 ರೂಪಾಯಿಯಂತೆ ಇಬ್ಬರ ಹಣವನ್ನೂ ಮುಂಗಡವಾಗಿ ಪೂರ್ತಿ ಕಟ್ಟಿದ್ದೆವು. ಏನೇನು ತೋರಿಸುತ್ತೀರಿ, ಎಷ್ಟು ಹೊತ್ತಿಗೆ ತೋರಿಸುತ್ತೀರಿ ಎಂಬುದನ್ನು ನೀವು ಕರಪತ್ರದಲ್ಲಿ ಗಂಟೆಗಳ ಸಮೇತ ಅಚ್ಚು ಹಾಕಿಸಿದ್ದಿರಿ. ಅದರಲ್ಲಿ ಮುಖ್ಯವಾದ ಒಂದನ್ನೂ ಸರಿಯಾಗಿ ತೋರಿಸಲಿಲ್ಲ. ಅದಕ್ಕೆಂದು ಇದ್ದ ಹೊತ್ತು ಅಂಗಡಿಗಳಲ್ಲಿ ಕಳೆದುಹೋಯಿತು. ದೂರವಾಣಿಯಲ್ಲಿ ಕೇಳಿದ್ದಕ್ಕೆ ಹಾರಿಕೆಯ ಉತ್ತರ ಬಂತು. ಆದ್ದರಿಂದ ನಡೆದದ್ದನ್ನೆಲ್ಲ ಬರೆದು ಕಳುಹಿಸುತ್ತಿದ್ದೇನೆ.

ತಂಜಾವೂರಿಗೆ ಕರೆದೊಯ್ಯುವ ಬಸ್ಸುಗಳಿಗೆ ಬೆಂಗಳೂರಿನಲ್ಲಿ ಬರವಿಲ್ಲ. ಅರ್ಧ ಬೆಲೆಗೆ ಹೋಗಿಬರಬಹುದಿತ್ತು. ನಿಮ್ಮ ಪ್ರವಾಸವನ್ನೇ ಆರಿಸಿಕೊಳ್ಳಲು ಕಾರಣ ಕರಪತ್ರದ ಮೂರು ಸಾಲುಗಳು: ಬೃಹದೀಶ್ವರ ದೇವಾಲಯದ ಒಳಪ್ರದಕ್ಷಿಣಾ ಪಥದಲ್ಲಿರುವ ಚೋಳರ ಕಾಲದ ಭಿತ್ತಿಚಿತ್ರಗಳ ವೀಕ್ಷಣೆ, ವೀಣೆ ತಯಾರಿಸುವವರ ಮನೆಗೆ ಭೇಟಿ, ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಯ ಬಳಿ ಕಾವೇರಿ ದಡದಲ್ಲಿ ಒಂದು ಸಂಜೆ. ನನ್ನ ತಾಯಿ ಬಹುಕಾಲ ಮಕ್ಕಳಿಗೆ ವೀಣೆ ಹೇಳಿಕೊಟ್ಟವರು. ತಂಜಾವೂರಿನಲ್ಲಿ ಮಾಡಿದ ವೀಣೆಯನ್ನೇ ಇಂದಿಗೂ ನುಡಿಸುತ್ತಾರೆ. ಆ ವೀಣೆ ಹುಟ್ಟುವ ಜಾಗವನ್ನು ಕಣ್ಣಾರೆ ನೋಡಬೇಕೆಂಬುದು ಅವರ ಬಹುದಿನಗಳ ಆಸೆ.

ಶುಕ್ರವಾರ ರಾತ್ರಿ 9ಕ್ಕೆ ಹೊರಡಬೇಕಿದ್ದ ಬಸ್ಸು ಊರಿನ ಬೇರೆ ಬೇರೆ ಕಡೆ ಜನರನ್ನು ಹತ್ತಿಸಿಕೊಳ್ಳುತ್ತ ಬೆಂಗಳೂರು ದಾಟುವಷ್ಟರಲ್ಲಿ ಮಧ್ಯರಾತ್ರಿಯಾಗಿತ್ತು. ಬೆಳಿಗ್ಗೆ 6ಕ್ಕೆ ತಲುಪಬೇಕಿದ್ದ ನಾವು ತಂಜಾವೂರು ಕಂಡದ್ದು ಹತ್ತೂವರೆಯ ನಂತರ. ರಾತ್ರಿಯೆಲ್ಲ ಬಸ್ಸು ಓಡಿಸಿದ ಚಾಲಕನೇ ಹಗಲಿಡೀ ಓಡಿಸಿದರು; ಬದಲಿ ಚಾಲಕ ಇರಲಿಲ್ಲ. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಆದರೆ ಒಬ್ಬ ಮನುಷ್ಯನನ್ನು ಹಾಗೆ ದುಡಿಸಿಕೊಂಡು ಅಷ್ಟು ಜನರ ಜೀವವನ್ನು ಅವರ ಕೈಗೆ ಒಪ್ಪಿಸುವುದು ಸರಿಯೇ ಎಂಬುದಕ್ಕೆ ನಿಮ್ಮಿಂದ ಉತ್ತರ ಬೇಕು.

ಕೋಣೆಗಳ ಬೀಗದ ಕೈ ಸಿಕ್ಕಿ, ಮುಖ ತೊಳೆದು, ದೇವಸ್ಥಾನದ ಮುಂದೆ ಇಳಿದಾಗ 12 ಗಂಟೆ ಕಳೆದು ಹತ್ತು ನಿಮಿಷ. ಗರ್ಭಗುಡಿಯ ಬಾಗಿಲು ಹನ್ನೆರಡೂವರೆಗೆ ಮುಚ್ಚುತ್ತದೆ, ಮತ್ತೆ ತೆರೆಯುವುದು ಸಂಜೆ 4ಕ್ಕೆ. ಅಲ್ಲಿನ ಹೂವಿನ ಅಂಗಡಿಯವರಿಗೂ ಗೊತ್ತಿರುವ ಈ ಸಂಗತಿ ಪ್ರವಾಸವನ್ನೇ ಉದ್ಯೋಗ ಮಾಡಿಕೊಂಡ ನಿಮಗೆ ಗೊತ್ತಿರಬೇಕಿತ್ತು. ಚಪ್ಪಲಿ ಹೊರಗೆ ಬಿಟ್ಟು ಏಪ್ರಿಲ್ ಬಿಸಿಲಿನ ಕಲ್ಲುಹಾಸಿನ ಮೇಲೆ ಕಾಲಿಟ್ಟರೆ ಅಂಗಾಲು ಸುಡುತ್ತಿತ್ತು. ನೀರು ಹಾಕಿದ್ದ ಚಾಪೆಯ ಪಟ್ಟಿಯೊಂದರ ಮೇಲೆ ಹಿರಿಯರೆಲ್ಲ ಒಬ್ಬರ ಹಿಂದೊಬ್ಬರು ಅವಸರದಲ್ಲಿ ನಡೆದರು. ನನ್ನ ತಾಯಿ ಮಂಟಪದ ನೆರಳಿಗೆ ಸೇರಿದವರು ಮತ್ತೆ ಅಂಗಳಕ್ಕೆ ಇಳಿಯಲೇ ಇಲ್ಲ. ‘ಹಿರಿಯ ನಾಗರಿಕರಿಗೆ ಅನುಕೂಲಕರ’ ಎಂದು ಕರಪತ್ರದ ಮುಖಪುಟದಲ್ಲೇ ಬರೆದುಕೊಂಡವರು ನೀವು.

ಭಿತ್ತಿಚಿತ್ರಗಳ ಮಾತು ಇನ್ನೂ ಗಂಭೀರವಾದದ್ದು. ಗರ್ಭಗುಡಿಯ ಸುತ್ತಲಿನ ಆ ಕತ್ತಲ ಓಣಿ ಸಾರ್ವಜನಿಕರಿಗೆ ತೆರೆದಿರುವುದಿಲ್ಲ. ಚೋಳರ ನಂತರದ ಕಾಲದಲ್ಲಿ ತಂಜಾವೂರನ್ನು ಆಳಿದ ನಾಯಕ ಅರಸರ ಕಾಲದ ಬಣ್ಣದ ಅಡಿಯಲ್ಲಿ ಚೋಳರ ಚಿತ್ರಗಳು ಅಡಗಿರುವುದನ್ನು ವಿದ್ವಾಂಸ ಎಸ್. ಕೆ. ಗೋವಿಂದಸ್ವಾಮಿಯವರು 1931ರಲ್ಲಿ ಕಂಡುಹಿಡಿದರು. ಮುಂದೆ ಪುರಾತತ್ವ ಸರ್ವೇಕ್ಷಣ ಇಲಾಖೆಯವರು ಮೇಲಿನ ಪದರವನ್ನು ಕೆಡದಂತೆ ಬಿಡಿಸಿ ತೆಗೆದು ಕೆಳಗಿನದನ್ನು ಉಳಿಸಿದರು. ಅಷ್ಟು ನಾಜೂಕಾದ ಚಿತ್ರಗಳನ್ನು ಬಂದವರಿಗೆಲ್ಲ ತೆರೆದಿಡದೆ ಇರುವುದು ಸರಿಯಾಗಿಯೇ ಇದೆ. ವಿಶೇಷ ಅನುಮತಿ ಇಲ್ಲದೆ ಒಳಗೆ ಬಿಡುವುದಿಲ್ಲ ಎಂದು ಅಲ್ಲಿನ ಸಿಬ್ಬಂದಿ ಸೌಜನ್ಯದಿಂದಲೇ ಹೇಳಿದರು. ಅನುಮತಿಗೆ ಅರ್ಜಿ ಹಾಕಿದ್ದೀರಾ ಎಂದು ನಿಮ್ಮ ಮಾರ್ಗದರ್ಶಿಯನ್ನು ಕೇಳಿದರೆ ಅಂಥದ್ದೊಂದು ಅರ್ಜಿ ಇದೆಯೆಂಬುದೇ ಅವರಿಗೆ ತಿಳಿದಿರಲಿಲ್ಲ. ತೋರಿಸಲು ಸಾಧ್ಯವೇ ಎಂದು ವಿಚಾರಿಸದೆ ‘ವೀಕ್ಷಣೆ’ ಎಂದು ಅಚ್ಚು ಹಾಕಿ ಅದಕ್ಕೆ ಹಣ ಪಡೆದದ್ದನ್ನು ಮರೆವು ಎಂದು ನಾನು ಒಪ್ಪಲಾರೆ. ಅದು ಗ್ರಾಹಕರನ್ನು ದಾರಿ ತಪ್ಪಿಸುವ ಜಾಹೀರಾತು.

ಚಿತ್ರಗಳಿಲ್ಲದಿದ್ದರೂ ಆ ದೇವಾಲಯದಲ್ಲಿ ಕಲಾಯಾತ್ರೆಗೆ ತೋರಿಸಬೇಕಾದದ್ದು ಬೇಕಾದಷ್ಟಿತ್ತು. ರಾಜರಾಜ ಚೋಳ 1010ರಲ್ಲಿ ಪೂರ್ಣಗೊಳಿಸಿದ ಈ ಗುಡಿಗೆ ಬೇರೆ ಬೇರೆ ಊರುಗಳ ದೇವಾಲಯಗಳಿಂದ 400 ಮಂದಿ ನರ್ತಕಿಯರನ್ನು ಕರೆಸಿ, ಅವರಿಗೆ ಮನೆ ಮತ್ತು ಭತ್ತದ ಪಾಲು ಗೊತ್ತುಮಾಡಿ, ಅವರ ಹೆಸರುಗಳನ್ನು ಕಲ್ಲಿನಲ್ಲಿ ಕೊರೆಸಿದ್ದಾನೆ. ಸಾವಿರ ವರ್ಷಗಳ ಹಿಂದಿನ ಕಲಾವಿದೆಯರ ಹೆಸರುಪಟ್ಟಿ ಇರುವ ಗೋಡೆ ಅದು. ಭರತನಾಟ್ಯದ ಕಛೇರಿಗೆ ಇಂದಿನ ರೂಪ ಕೊಟ್ಟ ಇದೇ ತಂಜಾವೂರಿನ ನಾಲ್ವರು ಸಹೋದರರಲ್ಲಿ ಒಬ್ಬರಾದ ಚಿನ್ನಯ್ಯ ಮೈಸೂರಿಗೆ ಬಂದು ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಇದ್ದವರು. ಬಸ್ಸಿನ ತುಂಬ ಕನ್ನಡಿಗರಿದ್ದಾಗ ಇಷ್ಟನ್ನಾದರೂ ಹೇಳಬಹುದಿತ್ತು. ಮಾರ್ಗದರ್ಶಿ ಹೇಳಿದ್ದು ಒಂದೇ: ‘ಈ ಗೋಪುರದ ನೆರಳು ನೆಲಕ್ಕೆ ಬೀಳುವುದಿಲ್ಲ, ಬೇಕಾದರೆ ನೋಡಿಕೊಳ್ಳಿ.’ ಎಲ್ಲರೂ ನೋಡಿದರು, ನೆರಳು ಕಾಣಲಿಲ್ಲ. ಏಪ್ರಿಲ್ ನಡುವಿನಲ್ಲಿ ಆ ಊರಿನಲ್ಲಿ ನಡುಹಗಲಿಗೆ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಆ ಹೊತ್ತಿನಲ್ಲಿ ಯಾವ ಕಟ್ಟಡದ ನೆರಳಾದರೂ ಅದರ ಬುಡದಲ್ಲೇ ಅಡಗಿರುತ್ತದೆ. ಭಾನುವಾರ ಬೆಳಿಗ್ಗೆ ಉಳಿದವರು ಏಳುವ ಮೊದಲು ನಾವಿಬ್ಬರೂ ಸ್ವಂತ ಖರ್ಚಿನಲ್ಲಿ ಆಟೋ ಹಿಡಿದು ಮತ್ತೆ ಹೋದೆವು. ವಿಮಾನದ, ಅಂದರೆ ಗರ್ಭಗುಡಿಯ ಮೇಲಿನ ಗೋಪುರದ, ಪೂರ್ವದ ಮುಖಕ್ಕೆ ಎಳೆಬಿಸಿಲು ಬಿದ್ದು ಕಲ್ಲು ಜೇನುಬಣ್ಣಕ್ಕೆ ತಿರುಗಿತ್ತು. ಹಿಂದುಗಡೆ ಅದರ ನೆರಳು ಅಂಗಳವನ್ನು ಉದ್ದಕ್ಕೆ ದಾಟಿ ಪ್ರಾಕಾರದ ಸಾಲುಮಂಟಪದ ಮೇಲೇರಿತ್ತು. ಬಸ್ಸು ಹೇಳಿದ ಹೊತ್ತಿಗೆ ತಲುಪಿದ್ದರೆ ಇದನ್ನು ಎಲ್ಲರೂ ನೋಡುತ್ತಿದ್ದರು. ಕಲ್ಲಿನಲ್ಲಿ ಕಟ್ಟಿದವರ ನಿಜವಾದ ಸಾಧನೆಯನ್ನು ಬಿಟ್ಟು ಸುಳ್ಳು ಪವಾಡವನ್ನು ಹೇಳುವುದು ಆ ಶಿಲ್ಪಿಗಳಿಗೂ ಅವಮಾನ, ಹಣ ಕೊಟ್ಟು ಬಂದವರಿಗೂ ಮೋಸ.

ಶನಿವಾರ ಊಟದ ನಂತರ ‘ತಂಜಾವೂರು ಚಿತ್ರಕಲೆಯ ಪ್ರಾತ್ಯಕ್ಷಿಕೆ’ ಎಂದು ಒಂದು ಮಳಿಗೆಗೆ ಕರೆದೊಯ್ದಿರಿ. ಪ್ರಾತ್ಯಕ್ಷಿಕೆ ಹತ್ತು ನಿಮಿಷದಲ್ಲಿ ಮುಗಿಯಿತು, ವ್ಯಾಪಾರ ಎರಡೂವರೆ ಗಂಟೆ ನಡೆಯಿತು. ಹಲಗೆಗೆ ಬಟ್ಟೆ ಅಂಟಿಸಿ, ಸೀಮೆಸುಣ್ಣದ ಪುಡಿಯನ್ನು ಅಂಟಿನಲ್ಲಿ ಕಲಸಿ ಉಬ್ಬು ಮಾಡಿ, ಕಲ್ಲು ಕೂರಿಸಿ, ಚಿನ್ನದ ತಗಡು ಹೊದಿಸುವ ಕೆಲಸಕ್ಕೆ ವಾರಗಳು ಹಿಡಿಯುತ್ತವೆ. ನಮ್ಮೆದುರು ಸಾಲಾಗಿ ಇಟ್ಟಿದ್ದ ಬಾಲಕೃಷ್ಣರಲ್ಲಿ ಒಬ್ಬನ ಕಣ್ಣಿಗೂ ಇನ್ನೊಬ್ಬನ ಕಣ್ಣಿಗೂ ಎಳ್ಳಷ್ಟು ವ್ಯತ್ಯಾಸವಿರಲಿಲ್ಲ. ಮುಖದ ಮೇಲೆ ಬೆರಳಾಡಿಸಿದರೆ ಕುಂಚದ ಗುರುತೇ ಸಿಗದ ನುಣುಪು. ಇದು ಕೈಯಲ್ಲಿ ಬರೆದದ್ದೇ ಎಂದು ನನ್ನ ತಾಯಿ ಕೇಳಿದಾಗ ಮಾರಾಟಗಾರರು ಬೇರೆ ಗಿರಾಕಿಯ ಕಡೆ ತಿರುಗಿಕೊಂಡರು. ಎದ್ದು ಹೊರಡೋಣವೆಂದರೆ ಬಸ್ಸಿನ ಬಾಗಿಲಿಗೆ ಬೀಗ.

ಇದರಿಂದಾಗಿ ಅರಮನೆಯ ಆವರಣ ತಲುಪುವಷ್ಟರಲ್ಲಿ ಟಿಕೆಟ್ ಕೊಡುವುದು ನಿಂತಿತ್ತು. ಚೋಳರ ಕಂಚಿನ ವಿಗ್ರಹಗಳಿರುವ ಕಲಾ ಸಂಗ್ರಹಾಲಯವೂ ಇಲ್ಲ, ಎರಡನೇ ಸರ್ಫೋಜಿ ಮಹಾರಾಜರು ಬೆಳೆಸಿದ ಸರಸ್ವತಿ ಮಹಲ್ ಗ್ರಂಥಾಲಯದ ಓಲೆಗರಿಗಳೂ ಇಲ್ಲ. ಹೊರಗಿನ ಗೇಟಿನ ಮುಂದೆ ಗುಂಪಿನ ಫೋಟೋ ತೆಗೆಸಿ ಅದನ್ನೇ ‘ಅರಮನೆ ವೀಕ್ಷಣೆ’ ಎಂದು ಲೆಕ್ಕಕ್ಕೆ ಬರೆದುಕೊಂಡಿರಿ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿದ್ದು ವೀಣೆಯ ವಿಷಯ. ಮಧ್ಯಾಹ್ನ 3ಕ್ಕೆ ನಿಗದಿಯಾಗಿದ್ದ ಭೇಟಿ ಆ ಮಳಿಗೆಯಲ್ಲೇ ಮುಳುಗಿಹೋಯಿತು. ‘ಅವರು ಊರಿನಲ್ಲಿಲ್ಲವಂತೆ’ ಎಂದು ಮಾರ್ಗದರ್ಶಿ ಹೇಳಿದರು. ತಾಯಿಯ ಒತ್ತಾಯಕ್ಕೆ ದೂರವಾಣಿ ಸಂಖ್ಯೆ ಪಡೆದು ಅಂದು ರಾತ್ರಿ ನಾನೇ ಕರೆ ಮಾಡಿದೆ. ಆ ಹಿರಿಯರು ಊರಿನಲ್ಲೇ ಇದ್ದರು, ಮಧ್ಯಾಹ್ನದಿಂದ ನಮ್ಮ ದಾರಿ ನೋಡಿದ್ದರು. ಒಂದೇ ಹಲಸಿನ ದಿಮ್ಮಿಯಲ್ಲಿ ಕೊಡ, ದಂಡಿ ಎಲ್ಲವನ್ನೂ ಕೊರೆಯುವ ಏಕಾಂಡ ವೀಣೆಯೊಂದನ್ನು ನಮಗೆ ತೋರಿಸಲೆಂದೇ ಅರ್ಧಕ್ಕೆ ನಿಲ್ಲಿಸಿಕೊಂಡಿದ್ದರು. ಇನ್ನೊಂದು ವೀಣೆಗೆ ಮೇಳ ಕಟ್ಟುವುದನ್ನು, ಅಂದರೆ ಮೇಣ ಕಾಯಿಸಿ ಅದರ ಮೇಲೆ 24 ಮೆಟ್ಟಿಲುಗಳನ್ನು ಕಿವಿಯಲ್ಲೇ ಶ್ರುತಿ ನೋಡಿ ಕೂರಿಸುವುದನ್ನು, ನಮ್ಮೆದುರೇ ಮಾಡೋಣವೆಂದು ಬಾಕಿ ಇಟ್ಟಿದ್ದರು. ಬರುವುದಿಲ್ಲ ಎಂದು ನಿಮ್ಮ ಕಡೆಯಿಂದ ಒಂದು ಕರೆಯೂ ಹೋಗಿರಲಿಲ್ಲ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ವಾದ್ಯ ಅದು. ಅದನ್ನು ಮಾಡುವ ಮನೆತನಗಳು ಕಡಿಮೆಯಾಗುತ್ತಿರುವ ಕಾಲದಲ್ಲಿ ಒಬ್ಬ ಕುಶಲಕರ್ಮಿಯ ದಿನದ ದುಡಿಮೆಯನ್ನು ಹಾಳುಮಾಡಿ, ಮೇಲಾಗಿ ತಪ್ಪು ಅವರದೇ ಎಂಬಂತೆ ನಮ್ಮೆದುರು ಸುಳ್ಳು ಹೇಳಿದ್ದೀರಿ. ಭಾನುವಾರ ಬೆಳಿಗ್ಗೆ ಬರಬಹುದೇ ಎಂದು ನಾನು ಕೇಳಿದಾಗ ಅವರು ಸಂತೋಷದಿಂದಲೇ ಒಪ್ಪಿದರು. ಆದರೆ ಬಸ್ಸು 8ಕ್ಕೆ ಹೊರಡಲೇಬೇಕೆಂದು ನಿಮ್ಮವರು ಹಟ ಹಿಡಿದರು. ಹೊರಟದ್ದು ಕುಂಭಕೋಣದ ರೇಷ್ಮೆ ಮತ್ತು ಹಿತ್ತಾಳೆ ಅಂಗಡಿಗಳಿಗೆ. ದಾರಿಯಲ್ಲೇ ಇದ್ದ ಸ್ವಾಮಿಮಲೈಯಲ್ಲಿ ಕಾವೇರಿಯ ಮೆಕ್ಕಲುಮಣ್ಣನ್ನು ಮೇಣದ ಅಚ್ಚಿಗೆ ಮೆತ್ತಿ ಕಂಚು ಎರೆಯುವುದನ್ನು ತೋರಿಸುತ್ತೇವೆಂದು ಬರೆದಿದ್ದಿರಿ. ಬಸ್ಸು ಅಲ್ಲಿ ನಿಲ್ಲಲೇ ಇಲ್ಲ.

ತಿರುವೈಯಾರು ತಂಜಾವೂರಿನಿಂದ 13 ಕಿಲೋಮೀಟರ್ ಅಷ್ಟೇ. ಶನಿವಾರ ಸಂಜೆಯೇ ಆರಾಮವಾಗಿ ಹೋಗಿಬರಬಹುದಾಗಿದ್ದ ಜಾಗಕ್ಕೆ ನೀವು ಕರೆದೊಯ್ದದ್ದು ಭಾನುವಾರ ಕತ್ತಲಾದ ಮೇಲೆ, ಬೆಂಗಳೂರಿಗೆ ಹೊರಡುವ ಅವಸರದಲ್ಲಿ. ಕರಪತ್ರದಲ್ಲಿ ಹಾಕಿದ್ದ ತುಂಬಿದ ಹೊಳೆಯ ಚಿತ್ರವಂತೂ ಏಪ್ರಿಲ್‌ನಲ್ಲಿ ಕಾಣುವಂಥದ್ದೇ ಅಲ್ಲ. ಮೆಟ್ಟೂರು ಅಣೆಕಟ್ಟಿನಿಂದ ಈ ಭಾಗದ ಕೃಷಿಗೆ ನೀರು ಬಿಡುವುದು ವಾಡಿಕೆಯಂತೆ ಜೂನ್ 12ಕ್ಕೆ. ಅದಕ್ಕೆ ಮುಂಚೆ ಅಲ್ಲಿ ಮರಳೇ ಹೆಚ್ಚು. ಬತ್ತಿದ ಹೊಳೆಗೆ ನೀವು ಹೊಣೆಯಲ್ಲ, ಆದರೆ ಆ ಚಿತ್ರಕ್ಕೆ ಹೊಣೆ.

ನದಿ ಹೇಗೇ ಇರಲಿ, ನನ್ನ ತಾಯಿಗೆ ಅಲ್ಲಿ ಕುಳಿತುಕೊಳ್ಳಲು ಹೊತ್ತು ಬೇಕಿತ್ತು. ಪಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಯ ಜಾಗವನ್ನು ಕೊಂಡು ಗುಡಿ ಕಟ್ಟಿಸಿ 1925ರಲ್ಲಿ ಪ್ರತಿಷ್ಠಾಪನೆ ಮಾಡಿಸಿದವರು ನಂಜನಗೂಡಿನಲ್ಲಿ ಹುಟ್ಟಿದ ಗಾಯಕಿ ಬೆಂಗಳೂರು ನಾಗರತ್ನಮ್ಮನವರು. ತ್ಯಾಗರಾಜರ ನೆನಪಿಗೆ ವರ್ಷಕ್ಕೊಮ್ಮೆ ಅಲ್ಲಿ ನಡೆಯುವ ಆರಾಧನೆಯಲ್ಲಿ ಹೆಂಗಸರು ಹಾಡುವಂತಿಲ್ಲದ ಕಾಲದಲ್ಲಿ ಹಟ ಹಿಡಿದು ಹೆಂಗಸರ ಗೋಷ್ಠಿಯನ್ನು ಕೂಡಿಸಿದವರೂ ಅವರೇ. ಅವರ ಸಮಾಧಿಯೂ ಅಲ್ಲೇ ಇದೆ, ತ್ಯಾಗರಾಜರ ಕಡೆಗೆ ಮುಖ ಮಾಡಿ ಕುಳಿತ ಅವರ ಮೂರ್ತಿಯಿದೆ. ನಿಮ್ಮ ಮಾರ್ಗದರ್ಶಿ ಅವರ ಹೆಸರನ್ನೂ ಎತ್ತಲಿಲ್ಲ. ತಾಯಿ ಆ ಮೂರ್ತಿಯ ಮುಂದೆ ಕುಳಿತು ಒಂದು ಕೃತಿಯ ಪಲ್ಲವಿ ಎತ್ತಿದ್ದರು. ಅನುಪಲ್ಲವಿಗೆ ಬರುವಷ್ಟರಲ್ಲಿ ಹಾರನ್ ಶುರುವಾಯಿತು, ‘ಬೇಗ ಬನ್ನಿ, ಹೊರಡಬೇಕು’ ಎಂದು ಮಾರ್ಗದರ್ಶಿ ಹೊರಗಿನಿಂದ ಕೂಗಿದರು. ಅಂಗಡಿಯಲ್ಲಿ ಸೀರೆ ಆರಿಸುತ್ತಿದ್ದವರಿಗೆ ಮಧ್ಯಾಹ್ನವಿಡೀ ಕಾದ ಬಸ್ಸು ಅದು. ಅಲ್ಲಿ ನಮಗೆ ಸಿಕ್ಕದ್ದು ಕಾಲು ಗಂಟೆಯೂ ಇಲ್ಲ.

ಮರಳಿದ ಮೇಲೆ ನಿಮ್ಮ ಕಚೇರಿಗೆ ಕರೆ ಮಾಡಿದಾಗ, ‘ದೇವಸ್ಥಾನ ತೋರಿಸಿದ್ದೇವಲ್ಲ, ತಿರುವೈಯಾರಿಗೂ ಕರೆದೊಯ್ದಿದ್ದೇವಲ್ಲ’ ಎಂದರು. ಮುಂದಿನ ಪ್ರವಾಸದಲ್ಲಿ 500 ರೂಪಾಯಿ ರಿಯಾಯಿತಿ ಕೊಡುತ್ತೇವೆಂದೂ ಹೇಳಿದರು. ಕಣ್ಣೊರೆಸುವ ಆ ರಿಯಾಯಿತಿ ನಮಗೆ ಬೇಡ.

ನಾವು ಕಟ್ಟಿದ 23,000 ರೂಪಾಯಿಯಲ್ಲಿ ಪ್ರಯಾಣ, ವಸತಿ, ಊಟದ ವೆಚ್ಚವನ್ನು ಬಿಟ್ಟುಕೊಡುತ್ತೇವೆ. ಕಲಾಯಾತ್ರೆ ಎಂಬ ಹೆಸರಿಗಾಗಿ ಹೆಚ್ಚುವರಿಯಾಗಿ ಪಡೆದ 12,000 ರೂಪಾಯಿಯನ್ನು ಹಿಂದಿರುಗಿಸಬೇಕು. ವೀಣೆ ತಯಾರಿಸುವ ಆ ಹಿರಿಯರಿಗೆ ಆ ದಿನದ ಸಂಭಾವನೆಯನ್ನು ತಲುಪಿಸಿ, ನೀವೇ ಮಾತನಾಡಿ ಕ್ಷಮೆ ಕೇಳಬೇಕು. ಇದನ್ನು ನಾನು ಹಣಕ್ಕಿಂತ ಮುಖ್ಯವಾಗಿ ಕೇಳುತ್ತಿದ್ದೇನೆ. ಅನುಮತಿ ಕೈಗೆ ಬರುವವರೆಗೆ ಭಿತ್ತಿಚಿತ್ರದ ಸಾಲನ್ನು ಕರಪತ್ರದಿಂದ ತೆಗೆಯಬೇಕು. ಅಂಗಡಿಗಳಿಗೆ ಕರೆದೊಯ್ಯುವುದಿದ್ದರೆ ಎಷ್ಟು ಹೊತ್ತು ಎಂಬುದನ್ನೂ, ಅಲ್ಲಿಂದ ನಿಮಗೆ ದಲ್ಲಾಳಿ ಹಣ ಬರುತ್ತದೆಯೇ ಎಂಬುದನ್ನೂ ಮುಂಚಿತವಾಗಿ ತಿಳಿಸಬೇಕು. ಬೆಳಗಿನ ಹೊತ್ತು ದೇವಾಲಯ, ನಂತರ ಸರಸ್ವತಿ ಮಹಲ್, ಮಧ್ಯಾಹ್ನ ವೀಣೆಯ ಮನೆ, ಇಳಿಹೊತ್ತಿಗೆ ತಿರುವೈಯಾರು ಎಂದು ಶನಿವಾರವನ್ನು ಜೋಡಿಸಿದರೆ ಭಾನುವಾರ ಸ್ವಾಮಿಮಲೈಗೆ ಪೂರ್ತಿ ಬಿಡುವಿರುತ್ತದೆ. ಬಸ್ಸು ಹೊತ್ತಿಗೆ ಸರಿಯಾಗಿ ಹೊರಟರೆ ಇದರಲ್ಲಿ ಕಷ್ಟವೇನೂ ಇಲ್ಲ.

ಕರಪತ್ರದ ಪ್ರತಿ, ಹಣ ಪಾವತಿಯ ರಸೀದಿ ಮತ್ತು ಹೊತ್ತು ನಮೂದಾಗಿರುವ ಫೋಟೋಗಳನ್ನು ಲಗತ್ತಿಸಿದ್ದೇನೆ. ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆ ಮತ್ತು ದಾರಿ ತಪ್ಪಿಸುವ ಜಾಹೀರಾತಿನ ವಿರುದ್ಧ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ದಾಖಲಿಸುತ್ತೇನೆ. ನಮ್ಮೊಡನೆ ಬಂದಿದ್ದ ಇನ್ನೂ ಕೆಲವರು ಸಹಿ ಹಾಕಲು ಸಿದ್ಧರಿದ್ದಾರೆ.

ಇಂತಿ,
ತಮ್ಮ ವಿಶ್ವಾಸಿ,
(ಸಹಿ)
ಬಸವನಗುಡಿ, ಬೆಂಗಳೂರು