ಲಗಾಮಿನ ಇನ್ನೊಂದು ತುದಿ ಅದರ ಬಾಯಲ್ಲಿದೆ, ಮಗಳೇ

ಚಿತ್ರದುರ್ಗ

ಪ್ರೀತಿಯ ಪುಟ್ಟಿ,

ನೀನು ಬೆಂಗಳೂರಿಂದ ಕಳಿಸಿದ ಕುದುರೆ ಸವಾರಿಯ ವಿಡಿಯೋ ರಾತ್ರಿ ನೋಡಿದೆ. ಬೆಳಿಗ್ಗೆ ಎದ್ದು ಮತ್ತೆ ನೋಡಿದೆ. ನಿಮ್ಮಮ್ಮ ನಿನ್ನ ಹೆಲ್ಮೆಟ್ಟು, ಬೂಟು ನೋಡಿ ಖುಷಿಪಟ್ಟಳು. ನಾನು ಕುದುರೆಯ ಬಾಯಿ ನೋಡುತ್ತಿದ್ದೆ. ಟ್ರಾಟ್, ಅಂದರೆ ಕುಲುಕು ಓಟ, ಶುರುವಾದ ಕೂಡಲೇ ಅದು ಮೂತಿ ಮೇಲೆತ್ತುತ್ತದೆ, ಬಾಯಿ ತೆರೆಯುತ್ತದೆ, ಬಾಲ ಬೀಸುತ್ತದೆ. ‘ಇದಕ್ಕೆ ತಲೆ ಒದರೋ ಚಾಳಿ ಇದೆ ಅಪ್ಪಾ’ ಅಂತ ಬರೆದಿದ್ದೀಯ. ಆದರೆ ಅದೇ ವಿಡಿಯೋದ ಮೊದಲಲ್ಲಿ ನಿಮ್ಮ ಮಾಸ್ಟರು ಮೇಲಿದ್ದಾಗ ಅದು ಕತ್ತು ಇಳಿಸಿಕೊಂಡು ಆರಾಮಾಗಿ ಓಡಿತ್ತು, ಅಲ್ವಾ? ನೀನು ಕೂತಾಗ ಅದಕ್ಕೆ ಬಾಯಿ ನೋಯುತ್ತಿದೆ ಕಂದಾ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ ‘ಸರಿ ಅಪ್ಪಾ’ ಅಂತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮುಂದಿನ ಸಲ ಲಾಯಕ್ಕೆ ಹೋದಾಗ ಕುದುರೆ ನೋಡಿಕೊಳ್ಳುವ ಸೈಸನನ್ನು ಕೇಳಿ ಅದರ ಬಾಯಿ ನೋಡು. ಮುಂದೆ ಹುಲ್ಲು ಕಡಿಯುವ ಹಲ್ಲು, ಹಿಂದೆ ಅರೆಯುವ ದವಡೆ ಹಲ್ಲು. ನಡುವೆ ಒಂದಷ್ಟು ಜಾಗ ಬರೀ ವಸಡು. ಲಗಾಮಿಗೆ ಕಟ್ಟಿದ ಕಡಿವಾಣದ ಕಂಬಿ ಕೂರುವುದು ಅಲ್ಲೇ, ನಾಲಿಗೆಯ ಮೇಲೆ ಅಡ್ಡಕ್ಕೆ. ಆ ವಸಡು ತೀರಾ ತೆಳು. ಅದರ ಕೆಳಗೆ ಸೀದಾ ದವಡೆಯ ಮೂಳೆ, ಅದೂ ಅಂಚು ಚೂಪಾದದ್ದು. ಕತ್ತಲಲ್ಲಿ ನಡೆಯುವಾಗ ಮೊಣಕಾಲ ಕೆಳಗಿನ ಮೂಳೆಗೆ ಮಂಚದ ಕಾಲು ತಗುಲಿದರೆ ಹೇಗಿರುತ್ತೆ, ಯೋಚಿಸು. ಮೈಮೇಲೆ ಒಂದು ನೊಣ ಕೂತರೂ ಆ ಜಾಗದ ಚರ್ಮವನ್ನಷ್ಟೇ ಅದುರಿಸಿ ಓಡಿಸುವ ಪ್ರಾಣಿ ಅದು. ನಿನ್ನ ಕಿರುಬೆರಳು ಅಲುಗಿದರೂ ಅದಕ್ಕೆ ತಿಳಿಯುತ್ತದೆ.

ಹಾಗೇ ಕಡಿವಾಣ ಯಾವುದು ಅಂತಲೂ ನೋಡಿಕೋ. ಕೆಲವಕ್ಕೆ ಎರಡೂ ಪಕ್ಕ ಉದ್ದನೆ ಕಂಬಿ, ಗದ್ದದ ಕೆಳಗೆ ಸರಪಳಿ ಇರುತ್ತದೆ. ಅದು ಸನ್ನೆಗೋಲಿನ ಲೆಕ್ಕ. ನೀನು ಸ್ವಲ್ಪ ಎಳೆದರೂ ಬಾಯಿಗೆ ಜಾಸ್ತಿಯೇ ಬೀಳುತ್ತದೆ. ಕಲಿಯುವವರ ಕೈಗೆ ಅದು ಬೇಡವೇ ಬೇಡ. ಪಕ್ಕದಲ್ಲಿ ಉಂಗುರ ಇರುವ ಸಾದಾ ಸ್ನಾಫಲ್ ಕೇಳು.

ನೀನು ಬೇಕಂತ ಎಳೆಯುತ್ತಿಲ್ಲ, ಗೊತ್ತು. ಟ್ರಾಟ್‌ನಲ್ಲಿ ಮೈ ಕುಣಿಯುತ್ತದೆ, ಬೀಳ್ತೀನಿ ಅನ್ನಿಸುತ್ತದೆ, ಕೈಗೆ ಸಿಕ್ಕದ್ದನ್ನು ಹಿಡಿದುಕೊಳ್ಳುತ್ತೀಯ. ಸಿಕ್ಕಿದ್ದು ಲಗಾಮು. ಹಾಗಾಗಿ ಇದು ಕೈಯ ತೊಂದರೆ ಅನ್ನುವುದಕ್ಕಿಂತ ಕೂರುವುದರ ತೊಂದರೆ. ಮೈಸೂರಿನ ಅಶ್ವಾರೋಹಿ ದಳಕ್ಕೆ ನಾನು ಸೇರಿದಾಗ ಉಸ್ತಾದರು ನಮ್ಮ ಕೈಗೆ ಲಗಾಮು ಕೊಡಲೇ ಇಲ್ಲ. ಅವರು ನಡುವೆ ನಿಂತು ಉದ್ದ ಹಗ್ಗದಲ್ಲಿ ಕುದುರೆಯನ್ನು ಸುತ್ತ ಓಡಿಸುತ್ತಿದ್ದರು. ನಾವು ಕೈಕಟ್ಟಿ, ಕಾಲಿಡುವ ರಿಕಾಪು ಬಿಟ್ಟು ಕೂರಬೇಕು. ತೊಡೆ ಉರಿದುಹೋಗುತ್ತಿತ್ತು. ಆದರೆ ಲಗಾಮು ಕೈಗೆ ಬರುವ ಹೊತ್ತಿಗೆ ಅದನ್ನು ಹಿಡಿದು ನೇತಾಡುವ ಅಗತ್ಯ ಯಾರಿಗೂ ಇರಲಿಲ್ಲ. ನೀನೂ ಮಾಸ್ಟರನ್ನು ಕೇಳು, ‘ಸಾರ್, ಸ್ವಲ್ಪ ದಿನ ಹಗ್ಗದಲ್ಲೇ ಓಡಿಸಿ’ ಅಂತ. ನಾಚಿಕೆ ಪಡಬೇಡ. ಅದರ ಕತ್ತಿಗೊಂದು ಪಟ್ಟಿ ಕಟ್ಟಿಸಿಕೋ. ಗಾಬರಿಯಾದರೆ ಪಟ್ಟಿ ಹಿಡಿ, ಇಲ್ಲವಾದರೆ ಜೂಲು ಹಿಡಿ. ಜೂಲು ಹಿಡಿದರೆ ಕುದುರೆ ಅಷ್ಟೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಈಗ ಹಿಡಿತ. ಲಗಾಮು ಕಿರುಬೆರಳು ಮತ್ತು ಉಂಗುರ ಬೆರಳಿನ ನಡುವೆ ಒಳಗೆ ಬರಬೇಕು, ಅಂಗೈ ದಾಟಿ ತೋರುಬೆರಳ ಮೇಲಿಂದ ಹೊರಗೆ ಹೋಗಬೇಕು. ಅಲ್ಲಿ ಹೆಬ್ಬೆರಳು ಒತ್ತಿಕೊಂಡಿರಲಿ. ಲಗಾಮು ಜಾರದಂತೆ ಕಾಯುವುದು ಈ ಹೆಬ್ಬೆರಳು. ಅದು ತನ್ನ ಕೆಲಸ ಮಾಡಿದರೆ ಮುಷ್ಟಿ ಬಿಗಿಯಬೇಕಿಲ್ಲ. ಹೆಬ್ಬೆರಳು ಮೇಲಿರಲಿ, ಅಂಗೈ ಒಂದನ್ನೊಂದು ನೋಡಲಿ. ವಿಡಿಯೋದಲ್ಲಿ ನಿನ್ನ ಅಂಗೈ ನೆಲ ನೋಡುತ್ತಿವೆ, ಆಗ ಮಣಿಕಟ್ಟು ಗಟ್ಟಿಯಾಗುತ್ತದೆ. ಮೊಣಕೈ ಮಡಚಿ ಪಕ್ಕೆಯ ಹತ್ತಿರ ಇರಲಿ. ಮೊಣಕೈ, ಮಣಿಕಟ್ಟು, ಕುದುರೆಯ ಬಾಯಿ ಒಂದೇ ಗೆರೆಯಲ್ಲಿ ಕಾಣಬೇಕು.

ನಡೆಯುವಾಗ ಕುದುರೆ ಹೆಜ್ಜೆಗೆ ತಕ್ಕಂತೆ ತಲೆಯಾಡಿಸುತ್ತದೆ. ನಿನ್ನ ಮೊಣಕೈ ಬಿಚ್ಚುತ್ತಾ ಮಡಚುತ್ತಾ ಅದರ ಜೊತೆ ಹೋಗಬೇಕು. ಟ್ರಾಟ್‌ನಲ್ಲಿ ಅದರ ತಲೆ ಹೆಚ್ಚು ಆಡುವುದಿಲ್ಲ, ಆಡುವುದು ನೀನು. ಹೊಸಬರೆಲ್ಲ ಎಡವುವುದು ಇಲ್ಲೇ. ಮೈ ಎದ್ದಾಗ ಕೈಯೂ ಏಳುತ್ತದೆ, ಕೂತಾಗ ಕೈಯೂ ಬೀಳುತ್ತದೆ, ಪ್ರತಿ ಹೆಜ್ಜೆಗೂ ಬಾಯಿಗೊಂದು ಏಟು. ಕಿರುಬೆರಳನ್ನು ಕತ್ತಿನ ಆ ಪಟ್ಟಿಗೆ ತಾಗಿಸಿಕೊಂಡು ಅಭ್ಯಾಸ ಮಾಡು. ಮೈ ಏಳಲಿ, ಬೆರಳು ಅಲ್ಲೇ ಇರಲಿ.

ಮೃದುವಾಗಿ ಹಿಡಿ ಅಂದರೆ ಜೋತುಬಿಡು ಅಂತಲ್ಲ, ಇದನ್ನು ತಪ್ಪು ತಿಳಿಯಬೇಡ. ಜೋತುಬಿದ್ದ ಲಗಾಮು ಥಟ್ಟನೆ ಬಿಗಿಯಾದರೆ ಇನ್ನೂ ಕೆಟ್ಟದ್ದು. ಸದಾ ಹಗುರವಾಗಿ ಸಂಪರ್ಕ ಇರಬೇಕು.

ನಿಲ್ಲಿಸಬೇಕಾದಾಗ ಮೊದಲು ನೆಟ್ಟಗೆ ಕೂತು ಉಸಿರು ಬಿಡು. ಜೀನಿನ ಮೇಲೆ ನಿನ್ನ ಮೈ ಅಲುಗುವುದು ನಿಲ್ಲಲಿ. ಎಷ್ಟೋ ಕುದುರೆಗಳು ಅಷ್ಟಕ್ಕೇ ನಿಧಾನ ಮಾಡುತ್ತವೆ. ಆಮೇಲೆ ಬೆರಳು ಮುಚ್ಚು. ಅದು ಒಪ್ಪಿದ ಕ್ಷಣವೇ ಬೆರಳು ಸಡಿಲಿಸು, ತಡ ಮಾಡಬೇಡ. ಬಿಟ್ಟಾಗಲೇ ಅದಕ್ಕೆ ‘ನಾನು ಮಾಡಿದ್ದು ಸರಿ’ ಅಂತ ತಿಳಿಯುವುದು. ಬಿಡದೆ ಎಳೆಯುತ್ತಲೇ ಇದ್ದರೆ ಅದೂ ಬಾಯಿ ಗಟ್ಟಿ ಮಾಡಿಕೊಂಡು ಎಳೆಯುತ್ತದೆ. 400–500 ಕಿಲೋ ತೂಗುವ ಪ್ರಾಣಿ ಅದು, ಜಗ್ಗಾಟದಲ್ಲಿ ನೀನು ಗೆಲ್ಲುವುದಿಲ್ಲ. ತಿರುಗಿಸುವಾಗಲೂ ಮೊದಲು ಕಣ್ಣು ಆ ಕಡೆ ಹೋಗಲಿ, ತಿರುವಿನ ಹೊರಬದಿಯ ಕಾಲು ಒತ್ತಲಿ. ತಿರುಗುವ ಕಡೆಯ ಕೈ ಪಕ್ಕಕ್ಕೆ ಸ್ವಲ್ಪ ತೆರೆದರೆ ಸಾಕು, ಹಿಂದಕ್ಕೆ ಜಗ್ಗಬಾರದು.

ದುರ್ಗಕ್ಕೆ ಬಂದಾಗ ಕೋಟೆ ಹತ್ತೋಣ. ಚಿಕ್ಕವಳಿದ್ದಾಗ ಎಷ್ಟೋ ಸಲ ಹತ್ತಿದ್ದೀಯ, ಈ ಸಲ ಸವಾರಳ ಕಣ್ಣಲ್ಲಿ ನೋಡು. ಒಂದು ಬಾಗಿಲಿಂದ ಇನ್ನೊಂದಕ್ಕೆ ದಾರಿ ನೇರ ಇಲ್ಲ, ದಾಳಿಗೆ ಬಂದವರು ಒಂದೇ ಓಟಕ್ಕೆ ನುಗ್ಗಬಾರದು ಅಂತ ತಿರುಗಿ ತಿರುಗಿ ಹೋಗುತ್ತದೆ. ಕಾಲ ಕೆಳಗೆ ಸವೆದ ಕಲ್ಲು. ನಾಯಕರ ಕಾಲದ ಸವಾರ ಒಂದು ಕೈಯಲ್ಲಿ ಆಯುಧ ಹಿಡಿದು ಇಂಥ ತಿರುವಿನಲ್ಲಿ ಬಾಯಿ ಜಗ್ಗಿದ್ದರೆ ಕುದುರೆ ತಲೆ ಎತ್ತಿ ಜಾರಿಬಿಡುತ್ತಿತ್ತು. ದಸರೆಯ ಪಂಜಿನ ಕವಾಯತಿನಲ್ಲಿ ನಮ್ಮವರು ಭರ್ಜಿಯಿಂದ ನೆಲದ ಗೂಟ ಎತ್ತುವುದನ್ನು ನೋಡಿದ್ದೀಯಲ್ಲ? ಆ ವೇಗದಲ್ಲೂ ಲಗಾಮಿಗೆ ಒಂದೇ ಕೈ.

2023ರ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ದೇಶಕ್ಕೆ ತಂಡದ ಡ್ರೆಸಾಜ್‌ನಲ್ಲಿ, ಅಂದರೆ ಸವಾರರ ಸನ್ನೆಗೆ ಕುದುರೆ ಲಯವಾಗಿ ಹೆಜ್ಜೆ ಹಾಕುವ ಸ್ಪರ್ಧೆಯಲ್ಲಿ, ಚಿನ್ನ ಬಂತಲ್ಲ, ಕುದುರೆ ಸವಾರಿಯಲ್ಲಿ 41 ವರ್ಷದ ಮೇಲೆ. ನಾಲ್ವರಲ್ಲಿ ಇಬ್ಬರು ಹುಡುಗಿಯರು, ಸುದೀಪ್ತಿ ಹಜೇಲಾ ಮತ್ತು ದಿವ್ಯಕೃತಿ ಸಿಂಗ್. ಈ ಆಟದಲ್ಲಿ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಸ್ಪರ್ಧೆ ಇಲ್ಲ, ತೋಳ್ಬಲ ಇಲ್ಲಿ ಲೆಕ್ಕಕ್ಕಿಲ್ಲ. ಅವರ ವಿಡಿಯೋ ಹುಡುಕಿ ನೋಡು. ಕುದುರೆಯನ್ನು ಆಮೇಲೆ ನೋಡುವೆಯಂತೆ, ಮೊದಲು ಕೈ ನೋಡು.

ಇಳಿದ ಮೇಲೆ ದಿನವೂ ಅದರ ತುಟಿಯ ಮೂಲೆ ನೋಡುವುದು ಮರೆಯಬೇಡ. ಕೆಂಪಾಗಿದ್ದರೆ, ತರಚಿದ್ದರೆ ಮಾಸ್ಟರಿಗೆ ಹೇಳಿ ಅದಕ್ಕೆ ರಜೆ ಕೊಡಿಸು. ಮುಂದಿನ ವಿಡಿಯೋ ಪಕ್ಕದಿಂದ ತೆಗೆಸು, ನಿನ್ನ ಮೊಣಕೈಯಿಂದ ಕುದುರೆಯ ಬಾಯಿಯವರೆಗೂ ಕಾಣಬೇಕು. ಮುಖ ಕಾಣದಿದ್ದರೂ ನನಗೆ ಪರವಾಗಿಲ್ಲ, ಅಮ್ಮನಿಗೆ ಬೇರೆ ಫೋಟೋ ಕಳಿಸು.

ನಿನ್ನ ಅಪ್ಪ